ಕೆಂಪು ಮಂದಿಗೆ ನೀಲಿ ಟಾವೆಲ್

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸಿಗೆ ನಿಂತಿದ್ದೆ. ನನ್ನ ಮುಂದೆ ಟಾವೆಲ್ ಅಂಗಡಿಯ ಅತ್ತಿಗೆ, ಮೈದುನ. ಆಕೆಯ ಗಂಡ ಮಗ ಓಂಕಾರನ ಜೊತೆ ಫುಟ್‌ಬಾಲ್ ನೋಡಲು ಇಂಗ್ಲೆಂಡಿಗೆ ಹೋಗಿದ್ದಾರೆಂದು ಮಾತಿನಿಂದಲೇ ತಿಳಿಯಿತು.

“ವೈನಿ, ಅಣ್ಣಗ ಮ್ಯಾಚ್ ಸೇರಿತಂತೇನ್ರಿ?”

“ಎಲ್ಲೀ ಮ್ಯಾಚ್, ಭಾವಜಿ? ಸುರು ಆಗೂದ್ರಾಗ ಅವರನ್ನ ಹೊರಗ ಹಾಕ್ಯಾರ.”

“ಅಂಥಾದ್ದೇನ್ ಮಾಡಿದಾ?”

“ಸತ್ಕಾರ! ನಮ್ಮ ಕಡೆ ಪದ್ಧತಿಹಂಗ ಬಾಜೂಕ ಕುಂತ ಮುದುಕನ ತಲಿಮ್ಯಾಲ ಟೋಪಿ ಇಟ್ಟು, ಹೆಗಲಿಗೆ ನಮ್ಮ ಟಾವೆಲ್ ಹೊಚ್ಚ್ಯಾರ.”

“ಮರ್ಯಾದಿ ಮಾಡಿದ್ರ ತಪ್ಪೇನ್ರಿ?”

“ಅಲ್ಲಿ ಕುಂತವರೆಲ್ಲಾ ಕೆಂಪು ಟೀಮಿನ ಕಡೆಯವರು. ಟಾವೆಲ್ ನೀಲಿ, ವೈರಿ ಟೀಮಿನ ಬಣ್ಣ. ಗಂಟು ಕಟ್ಟಿ ಕೊಟ್ಟವರು ನೀವೇ.”

“ನೀಲಿ ಅಂಗಡ್ಯಾಗ ಹಂಗ ಬಿದ್ದಿದ್ವು, ಅದಕ್ಕ... ಓಂಕಾರ ಬಿಡಸ್ಲಿಲ್ಲೇನು?”

“ಇವರ್ಯಾರೋ ನನಗ ಗೊತ್ತಿಲ್ಲ ಅಂದನಂತ.”

“ಹಡದಪ್ಪಗ?”

“ಅಪ್ಪ ಅಂದಿದ್ರ ಅವನ್ನೂ ಹೊರಗ ಹಾಕ್ತಿದ್ರಲ್ಲ!”

ಬಸ್ ಬಂತು. ಇಬ್ಬರೂ ನುಗ್ಗಿದರು, ಹಿಂದೆಯೇ ನಾನೂ.

“ಮತ್ತ ಅಪ್ಪ ಅಂತ ಯಾವಾಗ ಅಂದಾ?”

“ಕೆಂಪು ಸೋತ ಮ್ಯಾಲ. ಅಳಕೋತ ಹೊರಗ ಬಂದು, ‘ಅಪ್ಪಾ, ಕಣ್ಣ ಒರಸ್ಕೊಳ್ಳಾಕ ಒಂದು ಟಾವೆಲ್ ಕೊಡು’ ಅಂದಾನ.”

“ನೀಲೀದೇನ್ರಿ?”

“ಬ್ಯಾರೇದು ನೀವೆಲ್ಲಿ ಕೊಟ್ಟಿದ್ರಿ?”