ಒಳಗಿರುವವರು: ಒಬ್ಬರು

ಮೆಲ್ಲಗೆ ಮಾತಾಡೋಣ. ಭಾವ ಒಳಗೆ ಮಲಗಿದ್ದಾರೆ. ಇದು ಅವರಿಗೇ ಆದದ್ದು… ನನ್ನ ಸ್ವಂತ ಅಕ್ಕನ ಗಂಡನಿಗೆ. ದೆವ್ವ ಅಂದರೆ ಕಿಸಕ್ಕನೆ ನಗುತ್ತಿದ್ದವಳು ನಾನು. ಈಗ ನಗು ಬರಲ್ಲ.

ಅವತ್ತು ರಾತ್ರಿ ಭಾವ ಕೆಲಸ ಮುಗಿಸಿ ನಡೆದು ಬರುತ್ತಿದ್ದರು. ಆಫೀಸಿನ ಹಿಂದೆ ಒಂದು ಹಾಳುಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನು ದಾಟಿದ ಕೂಡಲೇ ಮನೆಗೆ ಫೋನ್ ಮಾಡುವುದು ಅವರ ರೂಢಿ. ಯಾಕೆಂದರೆ ಮಗಳು ಮಹಾ ಮೊಂಡು. ಅಪ್ಪ ಬರುವ ತನಕ ಮಲಗಲ್ಲ, ಬಾಗಿಲ ಬುಡದಲ್ಲೇ ಕೂತಿರುತ್ತೆ. ಅವತ್ತು ಅಕ್ಕ ಊರಲ್ಲಿರಲಿಲ್ಲ, ಅವರ ಜೊತೆಗೇ ಇರುವ ನಾನೇ ಫೋನ್ ಎತ್ತಿದೆ.

"ಪುಟ್ಟಿ, ಬಾವಿ ದಾಟಿದೆ ಅಂತ ಹೇಳೇ ಅವಳಿಗೆ," ಅಂದರು. ಪುಟ್ಟಿ ಅಂದರೆ ನಾನೇ. ಅಷ್ಟರಲ್ಲಿ ಅವರ ಫೋನು ಗುರ್ರ್ ಅಂತು. "ಅಯ್ಯೋ… ಪತ್ರ ಹೋಗ್ತಿಲ್ವಂತೆ. ವಾಪಸ್ ಹೋಗ್ಬೇಕು. ಬಂದೇ ಬರ್ತೀನಿ ಅಂತ ಹೇಳು."

ಪತ್ರ ಅಂದರೆ ಪ್ರೇಮಪತ್ರ ಅಲ್ಲ, ಆ ಯೋಗ ನಮ್ಮ ಭಾವನಿಗೆಲ್ಲಿ ಬರಬೇಕು! ಅವರ ಆಫೀಸು ಸಾಫ್ಟ್‌ವೇರ್ ಬರೆಯುವವರಿಗೆ ದಿನಾ ಬೆಳಗ್ಗೆ ಈಮೇಲಿನಲ್ಲಿ ಸುದ್ದಿಪತ್ರ ಕಳಿಸುತ್ತೆ. ಯಾವ ಹೊಸ ಟೂಲ್ ಬಂತು, ಯಾವ ಕ್ಲೌಡ್ ಸೇವೆ ಕೈಕೊಟ್ಟಿತು, ಯಾವ ಪಾಠ ಓದಿದರೆ ತಲೆನೋವು ಕಮ್ಮಿ, ಇಂಥವು. ಶುರು ಮಾಡಿದವರು ಒಬ್ಬರು ಮೇಡಂ. ಹಗಲೂ ರಾತ್ರಿ ಅಲ್ಲೇ. "ಇದನ್ನ ಯಾರಾದ್ರೂ ವಹಿಸಿಕೊಂಡ್ರೆ ಮನೆಗೆ ಹೋಗ್ತೀನಪ್ಪಾ" ಅನ್ನುತ್ತಿದ್ದರಂತೆ. ಯಾರೂ ವಹಿಸಿಕೊಳ್ಳಲಿಲ್ಲ. ಹೋದ ವರ್ಷ ಒಂದು ರಾತ್ರಿ ಮೇಜಿನ ಮೇಲೆ ತಲೆಯಿಟ್ಟವರು ಏಳಲೇ ಇಲ್ಲ.

ಆಫೀಸಿನ ಕಂಪ್ಯೂಟರಿನಲ್ಲಿದ್ದ ಅವರ ಖಾತೆಯನ್ನು ಮಾತ್ರ ಯಾರೂ ಅಳಿಸಿರಲಿಲ್ಲ. ಒಂದನ್ನು ಮುಟ್ಟಿದರೆ ಇನ್ನೇನು ಮುರಿಯುತ್ತೋ ಅನ್ನೋ ಭಯ. ಸತ್ತವರ ಹೆಸರಿನಲ್ಲೇ ಪತ್ರ ಹೋಗುತ್ತಿತ್ತು. ಆ ರಾತ್ರಿ ಪತ್ರ ಕಳಿಸಲ್ಲ ಅಂತ ಆ ಖಾತೆಯೇ ಹಟ ಹಿಡಿದಿತ್ತು.

ಭಾವ ಮೇಡಂ ಮೇಜಿನ ಮುಂದೆ ಕೂತು ಮತ್ತೆ ನನಗೆ ಫೋನ್ ಮಾಡಿದರು. ಖಾಲಿ ಆಫೀಸು, ಒಬ್ಬರಿಗೇ ಪುಕಪುಕ ಅಂತಿತ್ತೇನೋ. "ಖಾತೇನೇ ಅಳಿಸಿಬಿಡ್ತೀನಿ ಕಣೇ. ಇವರ ಕೆಲಸಾನ ಯಾರಿಗೆ ಒಪ್ಪಿಸಲಿ ಅಂತ ಕಂಪ್ಯೂಟರ್ ಕೇಳ್ತಿದೆ… ನನ್ನ ಹೆಸರೇ ಹಾಕ್ತೀನಿ, ಇನ್ಯಾರಿದ್ದಾರೆ? 'ಕೆಲವು' ಅಂತಿದೆ, 'ಎಲ್ಲಾ' ಅಂತಿದೆ. ಎಲ್ಲಾ."

ಟಕ್.

ಪತ್ರ ಹೋಯಿತು. ಭಾವ ಎದ್ದು ಬಾಗಿಲಿಗೆ ಕಾರ್ಡ್ ತೋರಿಸಿದರು. ಟಿಂಗ್ ಅಂದರೆ ತೆರೆಯಿತು ಅಂತ ಅರ್ಥ. ಬೊಂಯ್ ಅಂತು. ಮತ್ತೊಮ್ಮೆ. ಬೊಂಯ್.

"ಬಾಗಿಲು ಬಿಡ್ತಿಲ್ಲ…"

"ಜೋರಾಗಿ ಎಳೀರಿ ಭಾವ."

"ಎಳೆದೆ." ದನಿ ಇಳಿಯಿತು. "ಪುಟ್ಟಿ… ಬಾಗಿಲ ಮೇಲಿನ ಪರದೇಲಿ 'ಒಳಗಿರುವವರು: ಇಬ್ಬರು' ಅಂತ ತೋರಿಸ್ತಿದೆ. ನಾನೊಬ್ನೇ ಇರೋದು."

ಆಗ ನನಗೂ ಕೇಳಿಸಿತು. ದೂರದಿಂದ… ಕಿರ್ರ್… ತಿರುಗುವ ಕುರ್ಚಿಯಿಂದ ಯಾರೋ ಎದ್ದ ಸದ್ದು. ಆಮೇಲೆ ಚಪ್ಪಲಿ. ಸರಕ್… ಸರಕ್…

"ಕಿಟಕಿ?"

"ಗಾಜು… ತೆಗೆಯೋಕೆ ಬರಲ್ಲ."

"ವಾಚ್‌ಮನ್‌ನ ಕೂಗಿ!"

"ಕೂಗಿದೆ. ಕೇಳಿಸ್ತಿಲ್ಲ ಅವನಿಗೆ."

ಭಾವನ ಉಸಿರು ಫೋನಿಗೆ ಬುಸ್ ಬುಸ್ ಅಂತ ಬಡಿಯುತ್ತಿತ್ತು. ಇಲ್ಲಿ ನೋಡಿದರೆ ಮಗು ಬಾಗಿಲಿಗೆ ಒರಗಿ ತೂಕಡಿಸುತ್ತಿದೆ. ಸರಕ್ ಸರಕ್ ಹತ್ತಿರ ಬಂತು… ನಿಂತಿತು. ಹೆಂಗಸಿನ ಪಿಸುದನಿ. ನನ್ನ ಕಿವಿಯಲ್ಲೇ ಅಂದ ಹಾಗೆ.

"ಎಲ್ಲಾ ವಹಿಸಿಕೊಂಡ್ಯಾ?"

ಪಾಪ, ಹೆದರಿದವರು ಇನ್ನೇನು ಹೇಳುತ್ತಾರೆ? "ಹೂಂ…" ಅಂದರು.

"ಸರಿ. ಹಾಗಾದ್ರೆ ನಾನು ಹೋಗ್ತೀನಿ."

ಬರ್ತೀನಿ ಅನ್ನಲಿಲ್ಲ. ಹೋಗ್ತೀನಿ ಅಂದರು.

ಟಿಂಗ್. ಬಾಗಿಲು ತೆರೆಯಿತು. "ಓಡಿ ಭಾವ!" ಅಂತ ಕಿರುಚಿದೆ. ಧಡ್ ಅಂತ ಮುಚ್ಚಿಕೊಂಡಿತು. ಫೋನು ಕಟ್.

ಸ್ವಲ್ಪ ಹೊತ್ತಿಗೆ ನಮ್ಮನೆ ಬಾಗಿಲು ಬಡಿದರು. ತೆಗೆದವಳು ನಾನೇ. ಭಾವನೇ. ಅದೇ ಅಂಗಿ, ಅದೇ ಚೀಲ. ಹೋದ ಜೀವ ಬಂದ ಹಾಗಾಯಿತು ನನಗೆ.

"ಯಾರು ಭಾವ ಆ ಹೆಂಗಸು?"

"ಯಾವ ಹೆಂಗಸು? ಕೊನೆಗೂ ಮನೆಗೆ ಬಂದೆನಲ್ಲ, ಬಿಡು," ಅಂದು ಒಳಗೆ ಹೋದರು.

ಆ ವಾಚ್‌ಮನ್ ನಮ್ಮ ಬೀದಿಯವನೇ. ಆ ರಾತ್ರಿಯಿಂದ, ಎಲ್ಲರೂ ಮನೆಗೆ ಹೋದ ಮೇಲೂ ಆ ಪರದೆ 'ಒಳಗಿರುವವರು: ಒಬ್ಬರು' ಅಂತಲೇ ತೋರಿಸುತ್ತಂತೆ. ರಿಪೇರಿಯವರು ಬಂದು ನೋಡಿದರು, ಏನೂ ಕೆಟ್ಟಿಲ್ಲ ಅಂದರು. ಅಕ್ಕನಿಗೆ ಇದನ್ನೆಲ್ಲ ಹೇಳಿಲ್ಲ. ಹೇಗೆ ಹೇಳಲಿ? ಗಂಡ ಈಗ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ ಅಂತ ಅವಳಿಗೆ ಖುಷಿಯೋ ಖುಷಿ.

ನೀವು ನಂಬಿ, ಬಿಡಿ. ಒಂದಕ್ಷರವೂ ನಾನು ಸೇರಿಸಿದ್ದಲ್ಲ. ನಿನ್ನೆಯೂ ಮಗು ಬಾಗಿಲ ಬುಡದಲ್ಲೇ ಕೂತಿತ್ತು. ಹಿಂದೆ ನಿಂತು ಭಾವ, "ಬಾ ಪುಟ್ಟಾ, ಮಲಗೋಣ" ಅಂದರು. ಅದು ತಿರುಗಿಯೂ ನೋಡಲಿಲ್ಲ. ನನ್ನ ಸೆರಗು ಎಳೆದು ಕೇಳಿತು:

"ಚಿಕ್ಕಮ್ಮಾ… ಅಪ್ಪ ಬಾವಿ ದಾಟಿದ್ನಾ?"