ಆಯುಧಪೂಜೆಯ ಬಿಡುವು

ಮದ್ದೂರಿನಿಂದ ಕೊಪ್ಪಕ್ಕೆ ಹೊರಟ ಬಸ್ಸಿನ ಮೂತಿಗೆ ಬಾಳೆಕಂದು, ಚೆಂಡುಹೂವು ಕಟ್ಟಿದ್ದರು. ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ರೂಪಳಿಗೆ ಮುಂದಿನ ಸೀಟಿನ ಮಾತು ಕೇಳಿ ಎಚ್ಚರವಾಯಿತು. ಊರುಗೋಲು ಹಿಡಿದ ಯುವಕ, ಪಕ್ಕದಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ಅವನ ತಾಯಿ.

“ಅವ್ವಾ, ಮನೆ ಕಂಪ್ಯೂಟರು ನಿಂತೋಗ್ಯದೆ ಅಂತ ಮೊಬೈಲಲ್ಲಿ ತೋರುಸ್ತದೆ. ಕರೆಂಟು ಓಯ್ತಾ?”

“ನಾನೇ ಆರಿಸ್ದೆ ಕಣ್ಲಾ ಪ್ರೀತಂ. ಕುಂಕುಮ ಇಟ್ಟು, ಹೂ ಮುಡ್ಸಿ ಬಂದಿವ್ನಿ. ಇವತ್ತು ನೇಗ್ಲನ್ನೇ ಮುಟ್ಟಾಕಿಲ್ಲ.”

“ಅಯ್ಯೋ! ಅದ್ರೊಳ್ಗಿನ ಗ್ರಾಫಿಕ್ಸ್ ಕಾರ್ಡು ಬಾಡ್ಗೆಗೆ ಕೊಟ್ಟಿವ್ನಿ ಅಂತ ಯೋಳಿರ್ನಿಲ್ವಾ? ಯಾವ್ದೋ ದೇಸದೋನು ಇಂಟರ್‌ನೆಟ್ಟಲ್ಲೇ ಅದ್ರಿಂದ ಕೆಲ್ಸ ಮಾಡುಸ್ತಿದ್ದ. ಅವನ ಒಂಬತ್ ದಿನದ ಕೆಲ್ಸ ಒಳೇಲಿ ಉಣ್ಸೆಹಣ್ಣು ತೊಳ್ದಂಗಾಯ್ತು.”

“ಮನೆಗ್ ಓದೇಟ್ಗೇ ಸ್ವಿಚ್ಚು ಹಾಕ್ತೀನಿ, ಬುಡು.”

“ಅವ್ನು ಬುಟ್ಟೋದ ಕಣವ್ವಾ. ನಂಬೋ ಅಂತ ಮಿಸೀನಲ್ಲ ಅಂತ ಎಲ್ಲಾರ್ಗೂ ಕಾಣಂಗೆ ಬರ್ದವ್ನೆ. ಇನ್ಯಾರೂ ಬಾಡ್ಗೆಗೆ ತಗಳಾಕಿಲ್ಲ.”

“ಆಯುಧಪೂಜೆ ಅಬ್ಬ ಇತ್ತು ಅಂತ ಯೋಳ್ಲಾ ಅವ್ನಿಗೆ.”

“ಈ ಬಸ್ಸಿಗೂ ಪೂಜೆ ಮಾಡವ್ರೆ. ಓಡ್ತಿಲ್ವಾ ಇದು?”

ತಾಯಿ ಸೆರಗಿನ ತುದಿ ಹಿಸುಕುತ್ತಾ ಕೂತಳು.

“ನನ್ ಕಾಲು ತೆಗೆದ್ಮೇಲೆ ನನ್ ಬದ್ಲು ಆ ಕಂಪ್ಯೂಟರೇ ದುಡೀತಿತ್ತಲ್ಲವ್ವಾ.”

“ಅದ್ಕೇ ಕಣಪ್ಪಾ. ನೀನಾಗಿದ್ರೆ ಇವತ್ತು ಕೆಲ್ಸುಕ್ಕೆ ಕಳುಸ್ತಿದ್ನಾ?”

ಕೊಪ್ಪ ಬಂತು. ತಾಯಿ ಮೊದಲು ಇಳಿದು ಕೈ ಚಾಚಿದಳು. ಪ್ರೀತಂ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡಿದ. ಕಂಡಕ್ಟರ್ ಎರಡು ಸಲ ವಿಶಲ್ ಹಾಕಿದ ಮೇಲೆ ಹಿಡಿದುಕೊಂಡ.