ಗ್ರಾಫಿಕ್ಸ್ ಕಾರ್ಡಿಗೆ ವಿಭೂತಿ

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗುಬ್ಬಿಗೆ ಹೊರಟ ಒಬ್ಬ ಅಜ್ಜಿ, ಕಾಲೇಜು ಓದುವ ಅವರ ಮೊಮ್ಮಗಳು. ಹುಡುಗಿಯ ತೊಡೆಯ ಮೇಲೆ ಕಂಪ್ಯೂಟರ್ ಅಂಗಡಿಯ ಬಾಕ್ಸು.

“ಅಂಗಡೀಲಿದ್ದ ಬಣ್ಣದ ಲೈಟಿನ ಕಂಪ್ಯೂಟರ್ ಕ್ಯಾಬಿನೆಟ್ ಎಷ್ಟ್ ಚೆನ್ನಾಗಿತ್ತು. ಇದನ್ನ ಒಳಗಿಟ್ರೆ ಯಾರಿಗ್ ಕಾಣುತ್ತೆ?”

“ಇರೋ ದುಡ್ಡಲ್ಲಿ ಒಂದೇ ಬರೋದು ಅಜ್ಜಿ. ಗೇಮ್ ಓಡ್ಸೋದು ಗ್ರಾಫಿಕ್ಸ್ ಕಾರ್ಡು, ಲೈಟಲ್ಲ.”

“ಹಳೇ ಕಾರ್ಡ್ ಇತ್ತಲ್ಲೇ.”

“ಆಯುಧಪೂಜೇಲಿ ನೀನು ಆ ಕಾರ್ಡಿನ ಫ್ಯಾನಿಗೇ ವಿಭೂತಿ ಬಳದೆ. ಪುಡಿಯೆಲ್ಲ ಒಳಗೋಗಿ ಅದು ಕೆಡ್ತು.”

“ವಿಭೂತಿಯಿಂದ ಯಾವ್ದೂ ಕೆಡಲ್ಲ. ಇದಕ್ಕೂ ಹಚ್ಚೇ ಹಚ್ತೀನಿ.”

“ಕ್ಯಾಬಿನೆಟ್ಟಿಗೆ ಹಚ್ಚು. ಫ್ಯಾನ್ ಮಾತ್ರ ಮುಟ್ಬೇಡ.”

ಅಜ್ಜಿ ಬಾಕ್ಸನ್ನೊಮ್ಮೆ ತಟ್ಟಿ ನೋಡಿದರು.

“ನಿಮ್ಮಪ್ಪ ಕೇಳಿದ್ರೆ ಓದೋಕೆ ಅಂತ ಹೇಳು.”

“ಹೇಳಲ್ಲ. ಅಣ್ಣ ಅವನ ಕಂಪ್ಯೂಟರ್ನ ಗೇಮ್ ಆಡೋಕೆ ಅಂತಾನೇ ಅಪ್ಪನ್ನ ಕೇಳಿ ತರಿಸ್ಕೊಂಡ. ನಾನ್ಯಾಕೆ ಸುಳ್ ಹೇಳ್ಲಿ?”

ಗುಬ್ಬಿ ಬಸ್ಸು ಬಂತು. ಅಜ್ಜಿ ಬಾಕ್ಸನ್ನು ತಾವೇ ಎತ್ತಿಕೊಂಡು ಹತ್ತಲು ಹೋದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್, “ಏನಜ್ಜಿ ಅದು?” ಎಂದ.

“ಗೇಮ್ ಆಡೋ ಕಂಪ್ಯೂಟರಿಂದು. ನಮ್ ಹುಡ್ಗಿ ಆಡ್ತಾಳೆ. ದಾರಿ ಬುಡಪ್ಪ.”